ಟೀಮ್ ಔಟಿಂಗ್ ‘ಕಡ್ಡಾಯ’ ಅಂದರೆ ಲೆಕ್ಕ ಹೀಗೆ

ಡಿಸೆಂಬರ್ ಬಂತೆಂದರೆ, ಇಲ್ಲವೇ ಮಾರ್ಚ್ ಕೊನೆಗೆ ಬಜೆಟ್‌ನಲ್ಲಿ ನಾಲ್ಕು ಕಾಸು ಉಳಿಯಿತೆಂದರೆ, ಬೆಂಗಳೂರಿನ ಆಫೀಸುಗಳಲ್ಲಿ ಒಂದೇ ಅಚ್ಚಿನ ಮೇಲ್‌ಗಳು ಬರತೊಡಗುತ್ತವೆ. “ಬರುವ ಶನಿವಾರ ಟೀಮ್ ಔಟಿಂಗ್. ಬೆಳಿಗ್ಗೆ 6ಕ್ಕೆ ಬಸ್ ಹೊರಡುತ್ತದೆ. ಹಾಜರಿ ಕಡ್ಡಾಯ. ನೆಪ ಹೇಳುವಂತಿಲ್ಲ.” ಕೊನೆಗೊಂದು ನಗುಮುಖ. ತಕರಾರು ಶುರುವಾಗುವುದೇ ಆ ನಗುಮುಖದಿಂದ. ಅದು ತಮಾಷೆಯೋ ಆದೇಶವೋ ಓದಿದವರಿಗೆ ಪೂರ್ತಿ ಗೊತ್ತಾಗಬಾರದು ಅಂತಲೇ ಅದನ್ನು ಅಲ್ಲಿ ಕೂರಿಸಿರುತ್ತಾರೆ.

ಹೋಗಲೇಬೇಕಾ? ಕೆಲಸದ ದಿನ, ಕೆಲಸದ ಹೊತ್ತಿನಲ್ಲಿ ಇಟ್ಟಿದ್ದರೆ ಕಂಪನಿ ಕರೆದ ಕಡೆ ಹೋಗುವುದು, ಬೇಡವಾದರೆ ಸೀಟಿನಲ್ಲಿ ಕೂತು ಕೆಲಸ ಮಾಡುತ್ತೇನೆ ಎಂದು ಕೇಳುವುದು. ವಾರದ ರಜೆಯಲ್ಲೋ ಲಾಗೌಟ್ ಆದಮೇಲೋ ಇಟ್ಟಿದ್ದರೆ, ಆಫರ್ ಲೆಟರ್‌ನಲ್ಲಿ ಬೇರೆ ಏನೂ ಬರೆದಿಲ್ಲದಿದ್ದರೆ, ಅದು ನಿಮ್ಮ ಹೊತ್ತು. ಆ ಹೊತ್ತಿಗೂ ‘ಕಡ್ಡಾಯ’ ಎಂಬ ಪದ ಹಾಕಿದರೆ ಅದು ಕೆಲಸವಾಯಿತು, ಕೆಲಸಕ್ಕೆ ಅಂಟಿಕೊಂಡ ಎಲ್ಲ ಲೆಕ್ಕವೂ ಜೊತೆಗೇ ಬಂತು. ಬರುವಾಗ ಕಡ್ಡಾಯ, ಕಾಂಪ್ ಆಫ್ (ರಜೆಯಲ್ಲಿ ದುಡಿದದ್ದಕ್ಕೆ ಬದಲಿ ರಜೆ) ಕೇಳಿದಾಗ “ಅಯ್ಯೋ, ಅದು ಬರೀ ಫನ್ ಅಲ್ವಾ” ಅನ್ನುವುದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ.

ಲೆಕ್ಕವನ್ನೇ ನೋಡೋಣ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮಿತಿ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಸೇರಿಸಿದರೂ ದಿನಕ್ಕೆ 10 ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರುವಂತಿಲ್ಲ. ಮಿತಿ ಮೀರಿದ ಹೊತ್ತಿಗೆ ಎರಡು ಪಟ್ಟು ದರ. ಮಧ್ಯದ ಬಿಡುವೂ ಸೇರಿ ದಿನದ ಕೆಲಸ 12 ಗಂಟೆಗಿಂತ ಉದ್ದ ಹರಡುವಂತಿಲ್ಲ. ವಾರಕ್ಕೊಂದು ಪೂರ್ತಿ ರಜೆ ಕೊಡಲೇಬೇಕು. ಈಗ ಆ ಮೇಲ್‌ಗೆ ವಾಪಸ್ ಬನ್ನಿ: ಬೆಳಿಗ್ಗೆ 6ಕ್ಕೆ ಬಸ್, ಕನಕಪುರ ರಸ್ತೆಯ ರೆಸಾರ್ಟ್, ರಾತ್ರಿ 9ಕ್ಕೆ ವಾಪಸ್. ಹದಿನೈದು ಗಂಟೆ! ಇದನ್ನು ಕಡ್ಡಾಯ ಎಂದು ಕಾಗದದ ಮೇಲೆ ಬರೆಯುವ ಎಚ್‌ಆರ್ ತಮ್ಮ ಕೈಯಾರೆ ಕಾಯ್ದೆ ಮುರಿದದ್ದಕ್ಕೆ ಸಾಕ್ಷಿ ಬರೆದುಕೊಡುತ್ತಿದ್ದಾರೆ.

ಒಂದು ಎಚ್ಚರಿಕೆ. ಆಡಳಿತದ ಸ್ಥಾನದಲ್ಲಿ ಇರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ‘ಮ್ಯಾನೇಜರ್’ ಎಂದಿದ್ದ ಮಾತ್ರಕ್ಕೆ ಹಾಗಾಗುವುದಿಲ್ಲ, ನಿಜವಾಗಿ ಮಾಡುವ ಕೆಲಸ ಯಾವುದು ಅನ್ನುವುದು ಮುಖ್ಯ. ಆದರೂ ದೊಡ್ಡ ಹುದ್ದೆಯವರು ಗಂಟೆಗಳ ಲೆಕ್ಕ ಹಿಡಿದು ವಾದಕ್ಕೆ ಇಳಿಯದಿರುವುದೇ ಒಳ್ಳೆಯದು.

ರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ದಿನ ಆಫೀಸಿಗೆ ಕರೆಯುವುದು ಬೇರೆಯೇ ಬಾಬ್ತು. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಬಗ್ಗೆ 1963ರ ರಾಜ್ಯ ಕಾಯ್ದೆಯೊಂದಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದೂ ಸಂಬಳ ಸಹಿತ ರಜೆ. ಆ ದಿನ ದುಡಿಸಿಕೊಂಡರೆ ಎರಡು ಪಟ್ಟು ಸಂಬಳ, ಇಲ್ಲವೇ ಆ ದಿನದ ಸಂಬಳದ ಜೊತೆ ಬದಲಿ ರಜೆ. ಧ್ವಜಾರೋಹಣಕ್ಕೆ ಮನಸ್ಸಿದ್ದವರು ಬರಲಿ, ಸಿಹಿ ಹಂಚಲಿ, ಚೆಂದವೇ. ಹಾಜರಿ ಪುಸ್ತಕ ತೆರೆದರೆ ಮಾತ್ರ ಈ ಲೆಕ್ಕ ಶುರು.

ಇನ್ನು, ‘ಕಡ್ಡಾಯ’ ಎಂಬ ಪದ ಹುಟ್ಟುವುದು ಎಲ್ಲಿ? ಮುಕ್ಕಾಲು ಪಾಲು ಸಲ ಎಂಡಿ ಕೋಣೆಯಲ್ಲಿ ಅಲ್ಲ, ರೆಸಾರ್ಟ್‌ನವರು ಕಳಿಸಿದ ಕೊಟೇಶನ್‌ನಲ್ಲಿ. ಅಲ್ಲಿ ‘ಮಿನಿಮಮ್ ಗ್ಯಾರಂಟಿ’ ಎಂಬ ಸಾಲಿರುತ್ತದೆ. ಎರಡು ಮೂರು ದಿನ ಮುಂಚೆ ತಲೆಲೆಕ್ಕ ಕೊಡಬೇಕು, ಕೊಟ್ಟ ಮೇಲೆ ಅಷ್ಟು ಜನಕ್ಕೆ ಬಿಲ್ ಗ್ಯಾರಂಟಿ, ಬಂದರೂ ಬಾರದಿದ್ದರೂ. ತಲೆಗೆ ₹1,500 ಅಂದುಕೊಳ್ಳಿ. 60 ಎಂದು ಬರೆಸಿ 48 ಜನ ಬಂದರೆ ₹18,000 ನೀರಿಗೆ ಹಾಕಿದಂತೆ. ಆ ದುಡ್ಡಿಗೆ ಜವಾಬು ಹೇಳಬೇಕಾದವರು ಎಚ್‌ಆರ್‌ನಲ್ಲಿ ಕೂತ ಒಬ್ಬರು, ಅವರೇ ಗುರುವಾರ ಸಂಜೆ ಗಾಬರಿಯಲ್ಲಿ ‘ಕಡ್ಡಾಯ’ ಎಂದು ಟೈಪ್ ಮಾಡುವುದು. ಇದು ತಿಳಿದಿದ್ದರೆ ಎರಡೂ ಕಡೆಯವರಿಗೆ ಅರ್ಧ ಜಗಳ ಕಮ್ಮಿ. ಬಾರದವರು ಮೇಲ್ ಬಂದ ದಿನವೇ ಬರುವುದಿಲ್ಲ ಎಂದು ಹೇಳಬೇಕು. “ನೋಡ್ತೀನಿ, ಟ್ರೈ ಮಾಡ್ತೀನಿ” ಅಂದು ಶುಕ್ರವಾರ ರಾತ್ರಿ ಫೋನ್ ಆಫ್ ಮಾಡಿಕೊಳ್ಳುವವರಿಂದಲೇ ಮುಂದಿನ ವರ್ಷದ ಮೇಲ್ ಇನ್ನೂ ಗಡುಸಾಗುವುದು. ಏರ್ಪಾಡು ಮಾಡುವವರು 60 ಜನ ಹೂಂ ಅಂದಿದ್ದರೂ ಗ್ಯಾರಂಟಿಯನ್ನು 50ಕ್ಕೆ ಬರೆಸಬೇಕು, ಮೇಲಿನ ಹತ್ತನ್ನು ‘ಬಂದಷ್ಟು ಜನಕ್ಕೆ’ ಎಂದು ಒಪ್ಪಿಸಬೇಕು. ಬಫೆ ಊಟದಲ್ಲಿ ಹತ್ತು ಜನ ಹೆಚ್ಚಾದರೆ ರೆಸಾರ್ಟ್ ಅಡುಗೆಮನೆಗೆ ದೊಡ್ಡ ವಿಷಯವೇನಲ್ಲ.

ಬಾರದವರ ಖಾತೆಯಿಂದ ಸದ್ದಿಲ್ಲದೆ ಒಂದು ರಜೆ ಕತ್ತರಿಸುವುದು ನಾನು ಅತಿ ಹೆಚ್ಚು ಆಕ್ಷೇಪಿಸುವ ಪದ್ಧತಿ. ಶುಕ್ರವಾರ ಔಟಿಂಗ್, ಆಫೀಸ್ ಮುಚ್ಚಿದೆ, ಬಾರದವರಿಗೆ ಸಿಎಲ್ (ಸಾಂದರ್ಭಿಕ ರಜೆ) ಅಥವಾ ಎಲ್‌ಒಪಿ (ಆ ದಿನದ ಸಂಬಳ ಕಡಿತ). ಕೆಲಸ ಮಾಡಲು ತಯಾರಿದ್ದವರಿಗೆ ಕೆಲಸ ಕೊಡದೆ ಬಾಗಿಲು ಹಾಕಿದ್ದು ಕಂಪನಿ. ಇದಕ್ಕೆ ಮದ್ದು ಸುಲಭ, ಮೊದಲೇ ಒಂದು ಮೇಲ್: “ಶುಕ್ರವಾರದ ಔಟಿಂಗ್‌ಗೆ ಬರಲು ಆಗುತ್ತಿಲ್ಲ. ಆ ದಿನ ಮನೆಯಿಂದ ಎಂದಿನಂತೆ 9.30ಕ್ಕೆ ಲಾಗಿನ್ ಆಗಿ ಬಾಕಿ ಇರುವ ಕೆಲಸದ ಟಿಕೆಟ್‌ಗಳನ್ನು ಮುಗಿಸುತ್ತೇನೆ. ಬೇರೆ ವ್ಯವಸ್ಥೆ ಇದ್ದರೆ ತಿಳಿಸಿ.” ಅಷ್ಟೇ. ಆ ದಿನ ನಿಜವಾಗಿಯೂ ಲಾಗಿನ್ ಆಗಿ, ಸಂಜೆ ಏನು ಮಾಡಿದಿರೆಂದು ಎರಡು ಸಾಲು ಬರೆದು ಕಳಿಸಿ. ರಜೆ ಕತ್ತರಿಸಿದರೆ ಕೇಳಲು ಕೈಯಲ್ಲಿ ಕಾಗದ ಇರುತ್ತದೆ.

ಶನಿವಾರದ್ದಾದರೆ ಪ್ರಶ್ನೆ ಕೇಳುವ ಧಾಟಿ ಬೇರೆ. “ಯಾಕೆ ಬರಬೇಕು?” ಎಂದು ಶುರು ಮಾಡಬೇಡಿ. “ಶನಿವಾರದ ಕಾರ್ಯಕ್ರಮವನ್ನು ಕೆಲಸದ ದಿನವೆಂದು ಪರಿಗಣಿಸುತ್ತೀರಾ? ಹೌದಾದರೆ ಕಾಂಪ್ ಆಫ್ ಯಾವ ದಿನ ಹಾಕಲಿ?” ಎಂದು ಕೇಳಿ. ಎರಡೇ ಉತ್ತರ ಸಾಧ್ಯ. ಹೌದೆಂದರೆ ಕಾಂಪ್ ಆಫ್ ಸಿಕ್ಕಿತು, ಅಲ್ಲವೆಂದರೆ ಬರುವುದು ಬಿಡುವುದು ನಿಮ್ಮಿಷ್ಟ ಎಂದು ಅವರೇ ಬರೆದುಕೊಟ್ಟ ಹಾಗಾಯಿತು. ಉತ್ತರವೇ ಬರಲಿಲ್ಲವೇ? ಬಹಳ ಸಲ ಹಾಗೇ ಆಗುವುದು. ಕೇಳಿದ ಮೇಲ್ ಇಟ್ಟುಕೊಳ್ಳಿ, ಸಾಕು. ಕಾರಣ ಹೇಳುವಾಗ ಕಥೆ ಕಟ್ಟಬೇಡಿ. ಅಜ್ಜಿಯನ್ನು ಎರಡನೇ ಸಲ ಸಾಯಿಸಿ ಸಿಕ್ಕಿಬಿದ್ದವರು ಎಲ್ಲ ಆಫೀಸಿನಲ್ಲೂ ಇದ್ದಾರೆ. “ಮನೆಯಲ್ಲಿ ಕೆಲಸವಿದೆ” ಪೂರ್ತಿ ವಾಕ್ಯ, ಅದರ ಮುಂದೆ ಏನೂ ಬೇಕಿಲ್ಲ.

ಬರಲಿಲ್ಲವೆಂದು ಕೆಲಸದಿಂದ ತೆಗೆಯಬಹುದಾ ಎಂಬ ಭಯಕ್ಕೆ: ಆರು ತಿಂಗಳು ಸತತ ಸೇವೆ ಆದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದಕ್ಕೆ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ ಎಂದು ಅದೇ 1961ರ ಕಾಯ್ದೆಯ 39ನೇ ಕಲಂ ಹೇಳುತ್ತದೆ. ರಜೆಯ ದಿನ ರೆಸಾರ್ಟ್‌ಗೆ ಬರಲಿಲ್ಲ ಅನ್ನುವುದು ಸಕಾರಣ ಎಂದು ಯಾವ ವಕೀಲರೂ ಧೈರ್ಯವಾಗಿ ವಾದಿಸಲಾರರು. ಆದರೆ ಆರು ತಿಂಗಳು ತುಂಬದವರಿಗೆ ಈ ಕಲಂ ಆಸರೆ ಇಲ್ಲ. ಪ್ರೊಬೇಶನ್‌ನಲ್ಲಿ ಇರುವವರು ಮೊದಲ ಒಂದೆರಡು ಕಾರ್ಯಕ್ರಮಕ್ಕೆ ಹೋಗಿಬರುವುದು ಜಾಣತನ. ಫ್ರಾನ್ಸಿನಲ್ಲಿ ಇಂಥದೇ ಪ್ರಕರಣ ಅಲ್ಲಿನ ಅತ್ಯುನ್ನತ ನ್ಯಾಯಾಲಯದವರೆಗೂ ಹೋಗಿತ್ತು. ಪ್ಯಾರಿಸ್‌ನ ಕನ್ಸಲ್ಟಿಂಗ್ ಕಂಪನಿಯೊಂದು ‘ಮಜಾ ಮಾಡುವುದು ನಮ್ಮ ಮೌಲ್ಯ’ ಎಂದು ಹೇಳಿ, ಅದಕ್ಕೆ ಒಗ್ಗದ ನೌಕರನನ್ನು 2015ರಲ್ಲಿ ತೆಗೆದಿತ್ತು. ಆ ಕುಡಿತದ ಪಾರ್ಟಿಗಳಿಗೆ ಒಲ್ಲೆ ಅನ್ನುವುದು ಅವನ ಅಭಿವ್ಯಕ್ತಿ ಸ್ವಾತಂತ್ರ್ಯ ಎಂದು 2022ರ ನವೆಂಬರ್‌ನಲ್ಲಿ ತೀರ್ಪು ಬಂತು. ನಮ್ಮ ಕೋರ್ಟುಗಳನ್ನು ಅದು ಕಟ್ಟಿಹಾಕುವುದಿಲ್ಲ, ಎಚ್‌ಆರ್ ಜೊತೆ ಮಾತಿಗೆ ಮಾತ್ರ ಒಳ್ಳೆಯ ಸರಕು.

ನಿಜವಾದ ಪೆಟ್ಟು ಬೀಳುವುದು ಅಪ್ರೈಸಲ್‌ನಲ್ಲಿ. ‘ಟೀಮ್ ಪ್ಲೇಯರ್ ಅಲ್ಲ’ ಎಂಬ ಒಂದು ಸಾಲು, ರೇಟಿಂಗ್‌ನಲ್ಲಿ ಒಂದು ಮೆಟ್ಟಿಲು ಕೆಳಗೆ. ಇದನ್ನು ಯಾವ ಕಾಯ್ದೆಯೂ ನೇರವಾಗಿ ತಡೆಯುವುದಿಲ್ಲ. ವರ್ಷದ ಮೊದಲಲ್ಲಿ ಗೋಲ್ ಶೀಟ್ (ವರ್ಷದ ಗುರಿಗಳ ಪಟ್ಟಿ) ಬರೆಯುವಾಗ ‘ಟೀಮ್‌ವರ್ಕ್’ ಎಂಬ ಅಂಕಣಕ್ಕೆ ಅಳತೆ ಏನೆಂದು ಕೇಳಿ ಬರೆಸಿಕೊಳ್ಳಿ: ಹೊಸಬರಿಗೆ ಎಷ್ಟು ಸೆಷನ್ ತೆಗೆದುಕೊಂಡಿರಿ, ಎಷ್ಟು ಕೋಡ್ ರಿವ್ಯೂ ಮಾಡಿದಿರಿ, ಬೇರೆಯವರ ರಜೆಯಲ್ಲಿ ಎಷ್ಟು ದಿನ ಆನ್‌ಕಾಲ್ ನಿಂತಿರಿ. ಅಂಕಿ ಬರೆದಿದ್ದ ಕಡೆ ಊಹೆಗೆ ಜಾಗ ಕಮ್ಮಿ. ಎಲ್ಲವನ್ನೂ ತಪ್ಪಿಸಿಕೊಳ್ಳಿ ಎಂದು ನಾನು ಹೇಳುವುದೂ ಇಲ್ಲ. ಆಯುಧಪೂಜೆಗೆ ಅರ್ಧ ಗಂಟೆ ನಿಂತು ಮಂಗಳಾರತಿ ತೆಗೆದುಕೊಂಡು, ಕುಂಬಳಕಾಯಿ ಒಡೆದಾದ ಮೇಲೆ ಚರುಪು ತಿಂದು ಬರುವುದಕ್ಕೆ, ಬಿಟ್ಟುಹೋಗುವವರ ಬೀಳ್ಕೊಡುಗೆ ಊಟಕ್ಕೆ ಹೋಗುವುದಕ್ಕೆ ಖರ್ಚು ಕಮ್ಮಿ, ನೆನಪು ಜಾಸ್ತಿ. (ಪೂಜೆಯಲ್ಲಿ ನಂಬಿಕೆ ಇಲ್ಲದವರನ್ನು, ಬೇರೆ ಧರ್ಮದವರನ್ನು ಅದಕ್ಕೂ ಎಳೆಯಬಾರದು.) ಬಿಡುವುದಾದರೆ ಸಕಲೇಶಪುರದ ಎರಡು ರಾತ್ರಿಯ ಟ್ರಿಪ್ಪನ್ನು ಬಿಡಿ.

ದುಡ್ಡಿನ ವಿಷಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ ಪ್ರಕಾರ ಸಂಬಳದಿಂದ ಕಡಿತ ಮಾಡಲು ಕಾನೂನು ಪಟ್ಟಿ ಮಾಡಿದ ಕಾರಣಗಳೇ ಬೇಕು. ‘ಪಾರ್ಟಿ ಕಾಂಟ್ರಿಬ್ಯೂಶನ್’ ಆ ಪಟ್ಟಿಯಲ್ಲಿಲ್ಲ. ತಂಡದವರೇ ಚಂದಾ ಎತ್ತುವುದಾದರೆ ಕುಡಿಯದವರ ತಲೆಗೆ ಕುಡಿಯುವವರ ಬಿಲ್ ಕಟ್ಟಬೇಡಿ. ಮದ್ಯಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಹೋಟೆಲ್‌ನವರು ಅದನ್ನು ಊಟದಿಂದ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. ಹಾಗಾಗಿ ಬಿಡಿಸಿ ಹಂಚುವುದು ಐದು ನಿಮಿಷದ ಕೆಲಸ, ‘ಎಲ್ಲರೂ ಸಮಾ ಹಾಕ್ಬಿಡೋಣ’ ಅನ್ನುವುದು ಬರೀ ಸೋಮಾರಿತನ.

ಹೋದಮೇಲೆ ಏನಾದರೂ ಆದರೆ? ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಎಲ್ಲರ ಬಾಯಲ್ಲಿ ‘ಪಾಷ್’, ‘ಕೆಲಸದ ಸ್ಥಳ’ ಎಂಬುದನ್ನು ಆಫೀಸಿನ ನಾಲ್ಕು ಗೋಡೆಗೆ ಕಟ್ಟಿಹಾಕಿಲ್ಲ. ಕೆಲಸದ ಸಂಬಂಧವಾಗಿ ಹೋದ ಜಾಗ, ಅಲ್ಲಿಗೆ ಹೋಗಲು ಕಂಪನಿ ಕೊಟ್ಟ ವಾಹನ, ಎರಡೂ ಅದರೊಳಗೆ ಬರುತ್ತವೆ. “ಅದು ಶನಿವಾರ, ರೆಸಾರ್ಟ್‌ನಲ್ಲಿ ಆಗಿದ್ದು” ಎಂದು, ಇಂಥ ದೂರು ವಿಚಾರಿಸುವ ಕಂಪನಿಯ ಒಳ ಸಮಿತಿಯವರು ಕೈ ತೊಳೆದುಕೊಳ್ಳುವಂತಿಲ್ಲ. ದೂರು ಬರವಣಿಗೆಯಲ್ಲಿ, ಘಟನೆ ನಡೆದು 3 ತಿಂಗಳೊಳಗೆ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು.

ಅಪಘಾತದ ಪರಿಹಾರದಲ್ಲಿ ಮೊದಲು ಕೇಳುವುದು, ಕೆಲಸದಿಂದಾಗಿ, ಕೆಲಸದ ಅವಧಿಯಲ್ಲಿ ಆದದ್ದೇ ಎಂದು. ಆಗ ನಗುಮುಖದ ಆ ‘ಕಡ್ಡಾಯ’ ಮೇಲ್ ನೌಕರರ ಕಡೆಯ ಮೊದಲ ಸಾಕ್ಷಿ. ಅದನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಸ್ವಂತ ಫೋನಿನಲ್ಲಿಡಿ. ಬಸ್ ಹತ್ತುವ ಮುಂಚೆ ‘ಏನಾದರೂ ಆದರೆ ಕಂಪನಿ ಹೊಣೆಯಲ್ಲ’ ಎಂಬ ಫಾರಂಗೆ ಸಹಿ ಹಾಕಿಸುತ್ತಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಅಸಿಂಧು ಎಂದು 1923ರ ನೌಕರರ ಪರಿಹಾರ ಕಾಯ್ದೆಯೇ ಹೇಳಿತ್ತು, ಆ ಫಾರಂಗೆ ಅಷ್ಟೇ ಬೆಲೆ. ದಾಂಡೇಲಿಯಲ್ಲಿ ರಾಫ್ಟಿಂಗ್ ಇದ್ದರೆ ಕಂಪನಿಯ ಗುಂಪು ಅಪಘಾತ ವಿಮೆಯ ಹೊರತುಪಡಿಸುವಿಕೆಗಳ ಪುಟ ಓದಿ. ಸಾಹಸ ಕ್ರೀಡೆಯನ್ನು ಹಲವು ಪಾಲಿಸಿಗಳು ಅಲ್ಲಿಯೇ ಕೈಬಿಟ್ಟಿರುತ್ತವೆ. ಬಸ್ಸು, ಟಿಟಿ (ಟೆಂಪೋ ಟ್ರಾವೆಲರ್) ಹಳದಿ ಬೋರ್ಡಿನದ್ದೇ, ಅಂದರೆ ಬಾಡಿಗೆಗೆ ಓಡಿಸಲು ನೋಂದಾಯಿಸಿದ್ದೇ ಆಗಿರಲಿ. ಯಾರದೋ ಪರಿಚಯದ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ತಂದರೆ, ಅಪಘಾತವಾದಾಗ ವಿಮೆ ಕಂಪನಿ ಮೊದಲು ಎತ್ತುವ ತಕರಾರು ಅದೇ.

ಏರ್ಪಾಡು ಮಾಡುವವರಿಗೆ ಕಡೆಯದಾಗಿ ವಾಪಸಾತಿಯ ವಿಷಯ, ಬಹುತೇಕರು ಮರೆಯುವುದು ಇದನ್ನೇ. ನಗರದಿಂದ 40 ಕಿಲೋಮೀಟರ್ ಆಚೆ, ರಾಮನಗರದ ಕಡೆಯ ಯಾವುದೋ ಒಳರಸ್ತೆಯಲ್ಲಿ ಸಂಜೆ 5ಕ್ಕೆ ಆ್ಯಪ್‌ನಲ್ಲಿ ಕ್ಯಾಬ್ ಹುಡುಕಿದರೆ ಚಕ್ರ ತಿರುಗುತ್ತಲೇ ಇರುತ್ತದೆ. ಡೇಕೇರ್‌ನಿಂದ ಮಗುವನ್ನು ಕರೆತರಬೇಕಾದವರು, ವಯಸ್ಸಾದ ಅಪ್ಪನಿಗೆ ಇನ್ಸುಲಿನ್ ಕೊಡಬೇಕಾದವರು ಎಲ್ಲರ ಡಿಜೆ ಮುಗಿಯುವವರೆಗೂ ಅಲ್ಲೇ ಸೆರೆ. “ಹೋದರೆ ವಾಪಸ್ ಬರೋಕಾಗಲ್ಲ” ಎಂಬ ಒಂದೇ ಕಾರಣಕ್ಕೆ ಬಾರದವರನ್ನು ಎಣಿಸಿದರೆ ಹತ್ತಿರ ಹತ್ತಿರ ಒಂದು ಟಿಟಿ ತುಂಬುತ್ತದೆ. ದೊಡ್ಡ ಬಸ್ಸಿನ ಜೊತೆ 12 ಸೀಟಿನ ಟಿಟಿಯೊಂದನ್ನು ಹೇಳಿ, ಅದು 4 ಗಂಟೆಗೆ ಸರಿಯಾಗಿ ಹೊರಡುತ್ತದೆ, ಹತ್ತುವವರು ಯಾರಿಗೂ ಕಾರಣ ಹೇಳಬೇಕಿಲ್ಲ ಎಂದು ಮೊದಲ ಮೇಲ್‌ನಲ್ಲೇ ಬರೆಯಿರಿ. ಡ್ರೈವರ್ ನಂಬರನ್ನೂ ಅದರಲ್ಲೇ ಹಾಕಿ.