ವರ್ಜೀನಿಯಾ ಆಪ್ಗರ್ ಕಲಿಸಿದ ಒಂದು ನಿಮಿಷದ ಪರೀಕ್ಷೆ

ಆಗತಾನೆ ಹುಟ್ಟಿದ ಮಗುವಿನ ಸ್ಥಿತಿ ಅಳೆಯುವ ‘ಆಪ್ಗರ್ ಅಂಕ’ವನ್ನು ರೂಪಿಸಿದ ಅಮೆರಿಕದ ವೈದ್ಯೆ ವರ್ಜೀನಿಯಾ ಆಪ್ಗರ್ 1933ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವೈದ್ಯಕೀಯ ಕಾಲೇಜಿನಿಂದ ತರಗತಿಗೆ ನಾಲ್ಕನೆಯವರಾಗಿ ಹೊರಬಂದರು. ಶಸ್ತ್ರಚಿಕಿತ್ಸಕಿ ಆಗಬೇಕೆಂದಿದ್ದರು. ಆ ದಾರಿಯಲ್ಲಿ ಹೆಂಗಸರಿಗೆ ಬದುಕು ಸಾಗದು ಎಂದು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಅಲೆನ್ ವಿಪ್ಪಲ್ ಅವರನ್ನು ಅರಿವಳಿಕೆಯತ್ತ ತಿರುಗಿಸಿದರು. ಆಗ ಅಲ್ಲಿ ಅರಿವಳಿಕೆ ಕೊಡುತ್ತಿದ್ದವರು ಹೆಚ್ಚಾಗಿ ನರ್ಸುಗಳು. 1938ರಿಂದ ಆಪ್ಗರ್ ಆ ಘಟಕವನ್ನು ಕಟ್ಟಿ ಬೆಳೆಸಿದರು. 1949ರಲ್ಲಿ ಅದು ಸ್ವತಂತ್ರ ವಿಭಾಗವಾದಾಗ ಮುಖ್ಯಸ್ಥರ ಕುರ್ಚಿ ಹೋದದ್ದು ಎಮಾನ್ಯುಯೆಲ್ ಪ್ಯಾಪರ್ ಎಂಬ ಪುರುಷ ವೈದ್ಯರಿಗೆ. ಆ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕಿ ಎಂಬ ಗೌರವ ಆಪ್ಗರ್ ಅವರಿಗೆ ಸಿಕ್ಕಿತು ನಿಜ, ಆದರೆ ಅನ್ಯಾಯ ಅನ್ಯಾಯವೇ.

ಅವರು ಹೆರಿಗೆ ಕೋಣೆಯ ಅರಿವಳಿಕೆಗೆ ಬಂದರು. ಅಲ್ಲಿ ಎಲ್ಲರ ಗಮನ ತಾಯಿಯ ಮೇಲೆ. ಮಗು ನೀಲಿಗಟ್ಟಿದ್ದರೂ ಎತ್ತಿ ಬದಿಗಿಡುತ್ತಿದ್ದರು. ಮಗುವನ್ನು ನೋಡಲೇಬೇಕಾದ ಒಂದು ಕ್ರಮ ಬೇಕಿತ್ತು. 1953ರಲ್ಲಿ ಪ್ರಕಟವಾದ ಅವರ ಕ್ರಮ ಇಷ್ಟೇ: ಮಗು ಪೂರ್ತಿ ಹೊರಬಂದು ಒಂದು ನಿಮಿಷಕ್ಕೆ ಐದು ಲಕ್ಷಣ ನೋಡಿ, ಒಂದೊಂದಕ್ಕೂ 0, 1 ಅಥವಾ 2 ಕೊಟ್ಟು ಕೂಡಿಸಿ.

ಮೊದಲು ಎದೆಬಡಿತ. ಹೊಕ್ಕುಳಬಳ್ಳಿಯ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಇಲ್ಲವೇ ಸ್ಟೆತಾಸ್ಕೋಪ್ ಇಟ್ಟು, 6 ಸೆಕೆಂಡು ಎಣಿಸಿ 10ರಿಂದ ಗುಣಿಸಿದರಾಯಿತು. 100ಕ್ಕಿಂತ ಮೇಲಿದ್ದರೆ 2, ಕೆಳಗಿದ್ದರೆ 1, ಬಡಿತವೇ ಇಲ್ಲದಿದ್ದರೆ 0. ಜೋರಾಗಿ ಅತ್ತರೆ ಉಸಿರಿಗೆ 2, ಉಸಿರು ನಿಧಾನವಾಗಿ ತಡೆದು ತಡೆದು ಬಂದರೆ 1. ಕೈಕಾಲು ಆಡಿಸುತ್ತಿದ್ದರೆ 2, ಸ್ವಲ್ಪ ಮಡಚಿದ್ದರೆ 1, ಬಟ್ಟೆಯಂತೆ ಜೋತುಬಿದ್ದಿದ್ದರೆ 0. ಕೆಣಕಿದಾಗ ಸೀನಿದರೆ, ಕೆಮ್ಮಿದರೆ, ಅತ್ತರೆ 2. ಮುಖ ಕಿವುಚಿದರೆ 1. ಕೊನೆಗೆ ಬಣ್ಣ. ಆರೋಗ್ಯವಂತ ಕೂಸುಗಳಿಗೂ ಮೊದಲ ನಿಮಿಷದಲ್ಲಿ ಕೈಕಾಲು ನೀಲಿಯಾಗಿರುವುದು ಸಹಜ, ಆದ್ದರಿಂದ ಪೂರ್ತಿ 10 ಬರುವುದು ಅಪರೂಪ. ನಮ್ಮ ಕಪ್ಪು, ಕಂದು ಮೈಬಣ್ಣದ ಮಕ್ಕಳಲ್ಲಿ ಚರ್ಮ ನೋಡಿ ಮೋಸಹೋಗಬಾರದು. ನಾಲಿಗೆ, ತುಟಿಯ ಒಳಭಾಗ ನೋಡಬೇಕು.

ಹೆರಿಗೆ ಮಾಡಿಸಿದವರೇ ಅಂಕ ಕೊಡಬಾರದು ಎಂದೂ ಆಪ್ಗರ್ ಹೇಳಿದ್ದರು, ಏಕೆಂದರೆ ತಮ್ಮ ಕೈಯಲ್ಲಿ ಹುಟ್ಟಿದ ಮಗುವಿಗೆ ಕೈ ತಾನಾಗಿ ಹೆಚ್ಚು ಬರೆಯುತ್ತದೆ. ಇಂದಿಗೂ ಎಡವುವುದು ಇಲ್ಲೇ: ಗಡಿಯಾರ ನೋಡದೆ, ಆಮೇಲೆ ನೆನಪಿನಿಂದ 8, 9 ಎಂದು ತುಂಬಿಬಿಡುವುದು.

ಅವರ ಮೊದಲ ಲೆಕ್ಕದಲ್ಲಿ ದಿನ ತುಂಬಿ ಹುಟ್ಟಿದ ಮಕ್ಕಳ ಪೈಕಿ 0–2 ಬಂದವರಲ್ಲಿ ಶೇ 14, 8–10 ಬಂದವರಲ್ಲಿ ಶೇ 0.13 ಮಾತ್ರ ತೀರಿಕೊಂಡಿದ್ದರು. ಸಹೋದ್ಯೋಗಿಗಳಾದ ಸ್ಟ್ಯಾನ್ಲಿ ಜೇಮ್ಸ್, ಡಂಕನ್ ಹೊಲಡೇ ಅವರೊಡನೆ ಮಕ್ಕಳ ರಕ್ತವನ್ನೂ ಪರೀಕ್ಷಿಸಿದರು. ತಾಯಿಗೆ ಸೈಕ್ಲೋಪ್ರೊಪೇನ್ ಅನಿಲ ಕೊಟ್ಟಾಗ ಮಗು ಮಂಕಾಗುತ್ತದೆ ಎಂಬುದು ಕಂಡುಬಂತು. ಅದು ಆಪ್ಗರ್ ಅವರಿಗೇ ಅಚ್ಚುಮೆಚ್ಚಿನ ಅರಿವಳಿಕೆಯಾಗಿತ್ತು. ಪುರಾವೆ ಕಂಡಮೇಲೆ ಅದರ ಪರ ವಾದಿಸಲಿಲ್ಲ. ಅಂಕಪಟ್ಟಿಗಿಂತಲೂ ಈ ಗುಣವೇ ಅವರನ್ನು ದೊಡ್ಡವರನ್ನಾಗಿ ಮಾಡಿತು ಎನ್ನಬೇಕು.

1959ರಲ್ಲಿ, ಐವತ್ತರ ವಯಸ್ಸಿನಲ್ಲಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸಾರ್ವಜನಿಕ ಆರೋಗ್ಯದ ಪದವಿ ಪಡೆದು ಮಾರ್ಚ್ ಆಫ್ ಡೈಮ್ಸ್ ಎಂಬ ಸೇವಾಸಂಸ್ಥೆ ಸೇರಿದರು. ಹುಟ್ಟಿನಿಂದ ಬರುವ ನ್ಯೂನತೆಗಳ ಬಗ್ಗೆ ಊರೂರು ತಿರುಗಿ ಮಾತಾಡಿದರು. 1974ರಲ್ಲಿ ತೀರಿಕೊಂಡರು.

ಉಸಿರಾಡದ ಮಗುವಿಗೆ ಒಂದು ನಿಮಿಷದ ಅಂಕಕ್ಕಾಗಿ ಕಾಯುವಂತಿಲ್ಲ. ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿದರೂ ಉಸಿರು ಬರದಿದ್ದರೆ ಆ ನಿಮಿಷದೊಳಗೇ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ಈಗ ಐದನೇ ನಿಮಿಷದಲ್ಲಿ ಮತ್ತೊಮ್ಮೆ ಅಂಕ ಕೊಡುತ್ತಾರೆ; ಆಗಲೂ ಅದು 7ಕ್ಕಿಂತ ಕಡಿಮೆಯಿದ್ದರೆ ಐದೈದು ನಿಮಿಷಕ್ಕೊಮ್ಮೆ, 20 ನಿಮಿಷದವರೆಗೂ ಮತ್ತೆ ನೋಡಬೇಕು. ದಿನ ತುಂಬದ ಮಗುವಿನ ಸ್ನಾಯುಬಿಗುವು ಮೊದಲೇ ಕಡಿಮೆ, ಅಂಕವೂ ಕಡಿಮೆಯೇ ಬರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲ ಅಂಕ 5 ಎಂದಿದ್ದರೆ ಮಗುವಿನ ಬುದ್ಧಿ ಕುಂಠಿತವಾಗುತ್ತದೆ ಎಂದು ಅಪ್ಪ ಅಮ್ಮ ಕೊರಗಬೇಕಿಲ್ಲ. ಒಂದು ಮಗುವಿನ ಭವಿಷ್ಯ ಹೇಳಲು ಈ ಅಂಕ ಉಪಯೋಗಕ್ಕೆ ಬಾರದು. ಐದನೇ ನಿಮಿಷದ ಅಂಕ ಎಷ್ಟು, ಆ ಹೊತ್ತಿಗೆ ಆಮ್ಲಜನಕ ಅಥವಾ ಮಾಸ್ಕ್ ಬೇಕಾಗಿತ್ತೇ ಎಂಬುದನ್ನು ವೈದ್ಯರಲ್ಲಿ ಕೇಳಿ ತಿಳಿದುಕೊಳ್ಳಿ.