ಮಾನಿಟರ್ ಬದಲಿಸಬೇಕಾ? ಮಳೆಗಾಲದ ಲೆಕ್ಕಾಚಾರ

ಜೂನ್ 20

ಮಳೆ ಹಿಡಿದು ನಾಲ್ಕು ದಿನ ಆಯಿತು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯಲೂ ಮಳೆ ಬಿಡುವು ಕೊಡುತ್ತಿಲ್ಲ. ಹಾಗಾಗಿ ಸಂಜೆಯೆಲ್ಲ ಕಂಪ್ಯೂಟರ್ ಮುಂದೆ.

ತಿಂಗಳಿಂದ ತಲೆ ತಿನ್ನುತ್ತಿರುವ ವಿಷಯ ಮಾನಿಟರ್. ಈಗಿರುವುದು 22 ಇಂಚು, 1080ಪಿ (ಅಂದರೆ 1920x1080 ಪಿಕ್ಸೆಲ್), 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ). 2016ರಲ್ಲಿ ಶಿವಮೊಗ್ಗದಿಂದ ತಂದದ್ದು. ಆಟದ ಚಿತ್ರ ಬರೆಯುವ ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾದ 4 ಜಿಬಿಯ ಜಿಟಿಎಕ್ಸ್ 1650. ಮಾನಿಟರ್ ಕೆಟ್ಟಿಲ್ಲ. ಕೆಳಗಿನ ಎಡ ಮೂಲೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಒಂದು ಮಬ್ಬು ಕಲೆ ಇದೆ, ಅಷ್ಟೇ. ಮಳೆಗಾಲದ ಥಂಡಿಗೆ ಮೂಡುತ್ತದೆ, ಅರ್ಧ ಗಂಟೆ ಆನ್ ಇಟ್ಟರೆ ಬಿಸಿಗೆ ಹೋಗುತ್ತದೆ.

ವಿನೋಬನಗರದ ಭಾವನದು ಒಂದೇ ಮಾತು: "ತಗೊಳ್ಳೋದಾದ್ರೆ 27 ಇಂಚಿನ 1440ಪಿ ತಗೋ ಮಾರಾಯ, ನಂದು ನೋಡು." ಅವರ ಮಾನಿಟರ್ ಚೆನ್ನಾಗಿದೆ, ನಿಜ; ಪಿಕ್ಸೆಲ್ ಜಾಸ್ತಿ, 144 ಹರ್ಟ್ಸ್. ಆದರೆ ಅವರ ಕಾರ್ಡ್ ಬೇರೆ, ನನ್ನದು ಬೇರೆ. ದುಡ್ಡು ಕೊಡುವ ಮುಂಚೆ ನನ್ನ ಕಂಪ್ಯೂಟರ್ ಎಷ್ಟು ಎಳೆಯುತ್ತದೆ ಅಂತ ಅಳೆದು ನೋಡಬೇಕು.

ಜೂನ್ 22

ಅಳೆದೆ. ವ್ಯಾಲರಂಟ್ ಅನ್ನುವ ಶೂಟಿಂಗ್ ಆಟದಲ್ಲಿ ಸೆಟ್ಟಿಂಗ್ ಎಲ್ಲ ಕಡಿಮೆ ಇಟ್ಟರೆ ಸೆಕೆಂಡಿಗೆ 150 ಫ್ರೇಮ್ (ಚಿತ್ರ) ಆಸುಪಾಸು. ಎಲ್ಡನ್ ರಿಂಗ್‌ನಲ್ಲಿ 45. ಅದು ಪಿಸಿಯಲ್ಲಿ 60 ದಾಟುವುದೇ ಇಲ್ಲ, ಮಾಡಿದವರೇ ಹಾಗೆ ಮಿತಿ ಹಾಕಿದ್ದಾರೆ. ಅಂದರೆ ಆ ಆಟಕ್ಕೋಸ್ಕರ 144 ಹರ್ಟ್ಸ್ ತರುವುದರಲ್ಲಿ ಅರ್ಥ ಇಲ್ಲ.

ವ್ಯಾಲರಂಟ್ ಕಥೆ ಬೇರೆ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಿಸುತ್ತದೆ, 144 ಹರ್ಟ್ಸ್‌ನದು 6.9ಕ್ಕೊಮ್ಮೆ. ನನ್ನ ಕಾರ್ಡ್ ಸೆಕೆಂಡಿಗೆ 150 ಚಿತ್ರ ಕೊಡುತ್ತಿದೆ, ಈ ಮಾನಿಟರ್ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತೋರಿಸುತ್ತಲೇ ಇಲ್ಲ. ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ.

ಜೂನ್ 23

ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್‌ನಲ್ಲಿ ಹಳೆಯ ಮಾನಿಟರಿನ ಹರ್ಟ್ಸನ್ನೇ ಸ್ವಲ್ಪ ಏರಿಸಿ ನೋಡಿದೆ. 75ಕ್ಕೆ ಪರದೆ ಕಪ್ಪಾಗಿ "ಔಟ್ ಆಫ್ ರೇಂಜ್" ಅಂತ ಬಂತು. ಸ್ವಲ್ಪ ಹೊತ್ತಿಗೆ ತಾನೇ ಮೊದಲಿನಂತಾಯಿತು. 72ಕ್ಕೆ ನಿಂತಿದೆ. ವ್ಯತ್ಯಾಸ ಇದೆ, ಸಣ್ಣದು.

ಜೂನ್ 27

ಇವತ್ತಿನದು ಮುಖ್ಯ. 1440ಪಿ ಮಾನಿಟರ್ ಇಲ್ಲದೆಯೂ 1440ಪಿ ಭಾರ ಅಳೆಯಬಹುದು! ಅದೇ ಕಂಟ್ರೋಲ್ ಪ್ಯಾನಲ್‌ನಲ್ಲಿ ಡಿಎಸ್ಆರ್ ಅಂತ ಇದೆ. 1.78 ಪಟ್ಟು ಅನ್ನುವುದನ್ನು ಟಿಕ್ ಮಾಡಿದರೆ ಕಾರ್ಡ್ 2560x1440ರಲ್ಲಿ ಚಿತ್ರ ಬರೆದು, ಅದನ್ನು 1080ಪಿಗೆ ಇಳಿಸಿ ತೋರಿಸುತ್ತದೆ. ಕಾರ್ಡಿಗೆ ಬೀಳುವ ಕೆಲಸ ಹೆಚ್ಚುಕಮ್ಮಿ ಅಷ್ಟೇ. 1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ.

ಎಲ್ಡನ್ ರಿಂಗ್ 45ರಿಂದ 29ಕ್ಕೆ ಬಿತ್ತು. ಕುದುರೆ ಓಡಿಸುವಾಗ ಹುಲ್ಲು ತಡೆದು ತಡೆದು ಸರಿಯುತ್ತಿತ್ತು. ವ್ಯಾಲರಂಟ್ 100ರ ಹತ್ತಿರಕ್ಕೆ ಇಳಿಯಿತು. 1440ಪಿ ತಂದರೆ ಹಿಂದೆಯೇ ಹೊಸ ಕಾರ್ಡ್, ಅದರ ಹಿಂದೆ ಹೊಸ ಪವರ್ ಸಪ್ಲೈ. ಈ ವರ್ಷ ಅದು ಆಗದ ಮಾತು.

ಇನ್ನೂ ಎರಡು ಆಟ ಅಳೆಯಬೇಕು ಅನ್ನುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ಸಿಡಿಲು ಹೊಡೀತಿದೆ, ಮೊದ್ಲು ಪ್ಲಗ್ ತೆಗಿಯೋ!" ತೆಗೆದೆ. ಪಕ್ಕದ ಮನೆಯ ಟಿವಿ ಹೋದದ್ದು ಹೀಗೇ.

ಜುಲೈ 5

ಭಾವನ ಮನೆಗೆ ಹೋಗಿದ್ದೆ. 144 ಹರ್ಟ್ಸ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಕೂತು ಮೌಸ್ ಆಡಿಸಿದರೆ ನಮ್ಮ ಮನೆಯದರ ಹಾಗೇ ಇದೆ. ಅನುಮಾನ ಬಂದು ವಿಂಡೋಸ್‌ನ ಅಡ್ವಾನ್ಸ್‌ಡ್ ಡಿಸ್‌ಪ್ಲೇ ತೆಗೆದೆ. 60 ಹರ್ಟ್ಸ್! ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಇದ್ದದ್ದು 75 ಒಂದೇ. ಹಳೆಯ ಎಚ್‌ಡಿಎಂಐ ಕೇಬಲ್ ಹಾಕಿದ್ದರು. ಮಾನಿಟರ್ ಜೊತೆ ಬಂದ ಡಿಸ್‌ಪ್ಲೇಪೋರ್ಟ್ ಕೇಬಲ್ ಅಟ್ಟದ ಮೇಲಿನ ಡಬ್ಬದಲ್ಲಿ, ಕವರ್ ಸಹ ಬಿಚ್ಚದೆ ಹಾಗೇ ಇತ್ತು.

ಕೇಬಲ್ ಬದಲಿಸಿ 144ಕ್ಕೆ ಇಟ್ಟೆವು. ವ್ಯಾಲರಂಟ್ ತೆಗೆದು, ಆಟದೊಳಗೆ ಮೂಲೆಯಲ್ಲಿ ನಿಂತು ಥಟ್ಟನೆ ಹಿಂದೆ ತಿರುಗಿದೆ. ನಮ್ಮ ಮನೆಯಲ್ಲಿ ಹಾಗೆ ತಿರುಗಿದರೆ ಗೋಡೆಯ ಬರಹ ಬರೀ ಬಣ್ಣದ ಗೀರು. ಇಲ್ಲಿ ತಿರುಗುತ್ತಿರುವಾಗಲೇ ಅಕ್ಷರ ಗುರುತು ಸಿಕ್ಕಿತು. ಭಾವ ಮೌಸ್ ತಗೊಂಡು ಐದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, "ಎಂಟು ತಿಂಗಳು ಸುಮ್ನೆ ಹೋಯ್ತಲ್ಲ" ಅಂದರು.

144 ಹರ್ಟ್ಸ್ ತಂದಿರುವವರು ದಯವಿಟ್ಟು ಇವತ್ತೇ ಒಂದು ಸಲ ಆ ಸೆಟ್ಟಿಂಗ್ ನೋಡಿ.

ಜುಲೈ 8

ತೀರ್ಮಾನ ಆಯಿತು. 24 ಇಂಚು, 1080ಪಿ, 144 ಹರ್ಟ್ಸ್ ಅಥವಾ ಮೇಲೆ, ಐಪಿಎಸ್ ಬಗೆಯ ಪ್ಯಾನಲ್ (ಪರದೆ). 27 ಇಂಚಿನ 1080ಪಿ ಅಗ್ಗಕ್ಕೆ ಸಿಗುತ್ತದೆ, ಆದರೆ ಇಂಚಿಗೆ 82 ಪಿಕ್ಸೆಲ್ ಮಾತ್ರ. 24 ಇಂಚಿನದಕ್ಕೆ 92. ಹತ್ತಿರ ಕೂತು ಕನ್ನಡ ಓದುವವನಿಗೆ ಒತ್ತಕ್ಷರ ಬಿಡಿಸಿ ಕಾಣಬೇಕು, ಅಲ್ವಾ? ವಿಎ ಅನ್ನುವ ಇನ್ನೊಂದು ಬಗೆಯ ಪ್ಯಾನಲ್‌ನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಕತ್ತಲೆಯ ದೃಶ್ಯದಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಎಳೆದ ಹಾಗೆ ಕಾಣುವುದು ಅದರಲ್ಲೇ ಜಾಸ್ತಿ. ಫ್ರೀಸಿಂಕ್, ಅಂದರೆ ಕಾರ್ಡ್ ಚಿತ್ರ ಕೊಟ್ಟ ವೇಗಕ್ಕೆ ಪರದೆ ಹೊಂದಿಕೊಳ್ಳುವ ಸೌಲಭ್ಯ, ಇರಲೇಬೇಕು. 2019ರಿಂದ ಅದು ಎನ್‌ವಿಡಿಯಾ ಕಾರ್ಡಿನ ಜೊತೆಗೂ ಡಿಸ್‌ಪ್ಲೇಪೋರ್ಟ್ ಮೂಲಕ ಕೆಲಸ ಮಾಡುತ್ತದೆ. ಫ್ರೇಮ್ ಏರಿಳಿದಾಗ ಚಿತ್ರ ಅಡ್ಡಡ್ಡ ಹರಿದಂತೆ ಕಾಣುವುದು ತಪ್ಪುತ್ತದೆ.

ಆನ್‌ಲೈನ್‌ನಲ್ಲಿ ಸ್ವಲ್ಪ ಕಡಿಮೆಗೆ ಸಿಗಬಹುದು. ಆದರೂ ಶಿವಮೊಗ್ಗದ ಅಂಗಡಿಯಲ್ಲೇ, ಕಣ್ಣೆದುರು ಹಚ್ಚಿಸಿ ನೋಡಿ ತರುತ್ತೇನೆ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಐದು ಬರೀ ಬಣ್ಣದ ಚಿತ್ರ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೇನೆ. ಸತ್ತ ಪಿಕ್ಸೆಲ್ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಬಸ್ಸಿನಲ್ಲಿ ತರುವಾಗ ಡಬ್ಬ ನೆನೆಯಬಾರದು ಅಂತ ಅಡಿಕೆ ಮುಚ್ಚುವ ಟಾರ್ಪಾಲಿನ ಒಂದು ತುಂಡನ್ನೂ ಮಡಚಿ ಬ್ಯಾಗಿಗೆ ಹಾಕಿದ್ದೇನೆ. ಶನಿವಾರ ಬೆಳಗಿನ ಬಸ್ಸಿಗೆ ಹೊರಡುವುದು.