ಚಬುವಾಕ್ಕೆ ಮರಳದ ಎಂಟು ಮಂದಿ

ಶಿಗ್ಗಾವಿ ತಾಲೂಕಿನ ನಮ್ಮ ಊರಿನಲ್ಲಿ ಹೊತ್ತು ಮುಳುಗುವಾಗ ಅಜ್ಜ ಹಿತ್ತಲ ಬಾಗಿಲಲ್ಲಿ ನಿಂತು, ಮೇಯ್ದು ಮರಳುವ ಎಮ್ಮೆಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದರು. ಇದ್ದದ್ದು ಐದೇ ಎಮ್ಮೆ, ಆದರೂ ಎರಡು ಸಲ ಎಣಿಸುತ್ತಿದ್ದರು. ಆ ಚಟ ಹತ್ತಿದ್ದು ಎರಡನೆಯ ಮಹಾಯುದ್ಧದ ಕಾಲಕ್ಕೆ, ಅಸ್ಸಾಮಿನ ಚಬುವಾ ವಿಮಾನ ನಿಲ್ದಾಣದಲ್ಲಿ ಲಾರಿ ತುಂಬ ಪೆಟ್ರೋಲ್ ಪೀಪಾಯಿ ಸಾಗಿಸುತ್ತಿದ್ದಾಗ. “ಮುಂಜಾನೆ ಹ್ವಾದ ಇಮಾನದಾಗ ಸಂಜೀಕ ಒಂದ ಕಡಿಮಿ ಬಂದ್ರ, ರೊಟ್ಟಿ ಗಂಟಲದಾಗ ಇಳೀತಿದ್ದಿಲ್ಲ” ಎನ್ನುತ್ತಿದ್ದರು.

1942ರಲ್ಲಿ ಜಪಾನೀಯರು ಬರ್ಮಾ ರಸ್ತೆಯನ್ನು ಕಡಿದ ಮೇಲೆ ಚೀನಾಕ್ಕೆ ಸಾಮಗ್ರಿ ತಲುಪಿಸಲು ಹಿಮಾಲಯದ ಪೂರ್ವದಂಚಿನ ಮೇಲೆ ಹಾರುವುದೇ ಗತಿಯಾಯಿತು. ವೈಮಾನಿಕರು ಆ ದಾರಿಯನ್ನು ‘ಹಂಪ್’ ಎಂದರು. ನಮ್ಮವರಾಗಿದ್ದರೆ ಎತ್ತಿನ ಹಿಣಿಲು ಎನ್ನುತ್ತಿದ್ದರೇನೋ. ಚೀನಾದಲ್ಲಿ ಬೀಡುಬಿಟ್ಟಿದ್ದ ಅಮೆರಿಕದ 308ನೆಯ ಬಾಂಬರ್ ದಳವು ತನಗೆ ಬೇಕಾದ ಪೆಟ್ರೋಲು, ಬಾಂಬುಗಳನ್ನು ಕೂಡ ತನ್ನ ಬಿ-24 ಲಿಬರೇಟರ್ ವಿಮಾನಗಳಲ್ಲಿಯೇ ಭಾರತದಿಂದ ಹೊತ್ತು ತರಬೇಕಾಗಿತ್ತು. ಅಂಥದೇ ಸಾಗಣೆಯ ಕೆಲಸಕ್ಕೆಂದು 1944ರ ಜನವರಿ 25ರಂದು ಕುನ್ಮಿಂಗ್‌ನಿಂದ ಚಬುವಾಕ್ಕೆ ಹೊರಟ ‘ಹಾಟ್ ಆ್ಯಸ್ ಹೆಲ್’ ಎಂಬ ಲಿಬರೇಟರ್, ಕೆಟ್ಟ ಹವೆಯಲ್ಲಿ ಎಂಟು ಮಂದಿಯೊಡನೆ ಕಣ್ಮರೆಯಾಯಿತು. ಬಾಂಬರ್ ಸಿಬ್ಬಂದಿ ಎಂದೊಡನೆ ನಾವು ಕದನವನ್ನೇ ನೆನೆಯುತ್ತೇವೆ. ಇವರು ಸತ್ತದ್ದು ಸರಕು ತರಲು ಹೋಗುವ ದಾರಿಯಲ್ಲಿ.

ಅಜ್ಜ ಚಬುವಾ ಮುಟ್ಟಿದ್ದು ಅದಾಗಿ ಎರಡು ತಿಂಗಳಿಗೆ. ಹಾಗಾಗಿ ಈ ವಿಮಾನ ಅವರ ಬೆರಳೆಣಿಕೆಗೆ ಸಿಕ್ಕದ್ದಲ್ಲ. ಆದರೂ ಇದರ ವಿಷಯ ಮೊದಲ ಸಲ ಓದಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ನಮ್ಮ ಹಿತ್ತಲ ಬಾಗಿಲೇ.

2006ರಲ್ಲಿ ಅಮೆರಿಕದ ಪರ್ವತಾರೋಹಿ ಕ್ಲೇಟನ್ ಕೂಲ್ಸ್ ಸ್ಥಳೀಯರ ನೆರವಿನಿಂದ ಅರುಣಾಚಲದ ಡಮ್ರೋ ಗ್ರಾಮದ ಬಳಿಯ ಬೆಟ್ಟದಲ್ಲಿ ವಿಮಾನದ ಅವಶೇಷಗಳನ್ನು ಗುರುತಿಸಿದರು. ಆ ಕಡಿದಾದ ಇಳಿಜಾರಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ತಂಡ ಅಗೆದು ಶೋಧಿಸಿದ್ದು 2015ರಲ್ಲಿ. ಸಿಕ್ಕ ಅಸ್ಥಿಗಳನ್ನು 2016ರ ಏಪ್ರಿಲ್‌ನಲ್ಲಿ ದೆಹಲಿಯಿಂದ ಗೌರವಪೂರ್ವಕವಾಗಿ ಕಳುಹಿಸಿಕೊಡಲಾಯಿತು. ಲೆಫ್ಟಿನೆಂಟ್ ರಾಬರ್ಟ್ ಆಕ್ಸ್‌ಫರ್ಡ್ ಅವರ ಗುರುತು ಹತ್ತಿ, 2017ರ ಜೂನ್‌ನಲ್ಲಿ, ಎಪ್ಪತ್ತಮೂರು ವರ್ಷಗಳ ಬಳಿಕ, ಜಾರ್ಜಿಯಾ ರಾಜ್ಯದ ಕಾನ್ಕಾರ್ಡ್ ಎಂಬ ಹುಟ್ಟೂರಿನಲ್ಲಿ ಅವರನ್ನು ಮಣ್ಣು ಮಾಡಿದರು.

ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಇದಿಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರದಿಂದ ಕೈ ತೆಗೆಯದೆ ಕೇಳಿದಳು: “ಉಳದ ಏಳ ಮಂದಿ?”